ಮೇಲೇರುವ ಗುಂಡಿ ಮಾಯವಾದಾಗ

ಕಂಪ್ಯೂಟರಿನ ಪರದೆಯ ಮೇಲೆ ಒಂದು ಪುಟ್ಟ ಚಿತ್ರ: ಹಳದಿ ಬಣ್ಣದ ಫೋಲ್ಡರು, ಅದರ ಮೇಲೊಂದು ಮೇಲ್ಮುಖದ ಬಾಣ. ಅದನ್ನು ಒತ್ತಿದರೆ ಈಗ ತೆರೆದಿರುವ ಫೋಲ್ಡರಿನಿಂದ, ಅದನ್ನು ತನ್ನೊಳಗೆ ಇಟ್ಟುಕೊಂಡಿರುವ ಫೋಲ್ಡರಿಗೆ ಹೋಗಬಹುದು. ಅದರ ಕೆಲಸ ಅಷ್ಟೇ. 1995ರ ಆಗಸ್ಟ್ 24ರಂದು ಬಿಡುಗಡೆಯಾದ ವಿಂಡೋಸ್ 95ರಲ್ಲಿ ಅದರ ಹೆಸರು ‘ಅಪ್ ಒನ್ ಲೆವೆಲ್’, ಅಂದರೆ ಒಂದು ಹಂತ ಮೇಲಕ್ಕೆ. 2001ರ ವಿಂಡೋಸ್ ಎಕ್ಸ್‌ಪಿಯಲ್ಲೂ ಆ ಗುಂಡಿ ತನ್ನ ಜಾಗ ಬಿಟ್ಟು ಕದಲಿರಲಿಲ್ಲ. 2007ರ ಜನವರಿ 30ರಂದು ವಿಂಡೋಸ್ ವಿಸ್ಟಾ ಜನಸಾಮಾನ್ಯರ ಕೈಗೆ ಬಂದಾಗ ನೋಡಿದರೆ ಗುಂಡಿ ಇಲ್ಲ!

ಇಲ್ಲವಾದದ್ದು ಅದೊಂದೇ ಅಲ್ಲ. ಕಡತಗಳನ್ನು ಕತ್ತರಿಸುವ, ನಕಲು ಮಾಡುವ, ಅಂಟಿಸುವ, ಅಳಿಸುವ ಗುಂಡಿಗಳನ್ನು ಎಕ್ಸ್‌ಪಿಯಲ್ಲಿ ಬಳಕೆದಾರರು ತಮಗೆ ಬೇಕಾದಂತೆ ಸಾಲಾಗಿ ಜೋಡಿಸಿಕೊಳ್ಳಬಹುದಿತ್ತು. ಆ ಸೌಲಭ್ಯವೂ ಹೋಯಿತು. ಅವೆಲ್ಲ ‘ಆರ್ಗನೈಸ್’ ಎಂಬ ಒಂದು ಪಟ್ಟಿಯೊಳಗೆ ಅಡಗಿ ಕುಳಿತವು. ವಿಸ್ಟಾ ಅಷ್ಟಾಗಿ ಜನಪ್ರಿಯವಾಗದ್ದರಿಂದ ಬಹಳ ಮಂದಿ ಎಕ್ಸ್‌ಪಿಯಲ್ಲೇ ಉಳಿದರು. 2009ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 7ಕ್ಕೆ ಬದಲಾಯಿಸಿಕೊಂಡಾಗ ಅವರಿಗೂ ಅದೇ ಅನುಭವವಾಯಿತು. ಕೈ ತಾನಾಗಿ ಎಡಮೇಲಿನ ಮೂಲೆಗೆ ಹೋಗುತ್ತಿತ್ತು. ಅಲ್ಲಿ ಒತ್ತಲು ಏನೂ ಇರುತ್ತಿರಲಿಲ್ಲ. ದೂರುಗಳ ಸುರಿಮಳೆಯಾಯಿತು. ಹೊರಗಿನಿಂದ ನೋಡುವವರಿಗೆ ಒಂದು ಗುಂಡಿಗಾಗಿ ಇಷ್ಟು ರಂಪವೇ ಎನ್ನಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಆ ಗುಂಡಿಯ ಹಿಂದೆ ನಾಲ್ಕು ದಶಕಗಳ ಒಂದು ವಿಚಾರವಿತ್ತು.

ಫೈಲ್ ಎಂಬುದಕ್ಕೆ ಕನ್ನಡದಲ್ಲಿ ಕಡತ ಎನ್ನುವುದು ರೂಢಿ. ಹಳೆಯ ಕಾಲದ ಕಡತವೆಂದರೆ ಬಟ್ಟೆಗೆ ಹುಣಸೆ ಬೀಜದ ಸರಿ ಮತ್ತು ಇದ್ದಿಲ ಪುಡಿಯನ್ನು ಬಳಿದು ಒಣಗಿಸಿ, ಪದರ ಪದರವಾಗಿ ಮಡಿಸಿದ ಕಪ್ಪು ಪುಸ್ತಕ. ವ್ಯಾಪಾರಿಗಳೂ ಮಠಗಳವರೂ ಅದರ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಅದು ಎಲ್ಲಿದೆ ಎಂದರೆ ಕೈತೋರಿಸಬಹುದಿತ್ತು: ಪೆಟ್ಟಿಗೆಯಲ್ಲಿ, ಅಟ್ಟದ ಮೇಲೆ. ಕಂಪ್ಯೂಟರಿನ ಕಡತಕ್ಕೆ ಆ ಭಾಗ್ಯವಿಲ್ಲ. ತಟ್ಟೆಯ ಮೇಲಿನ ಕಾಂತೀಯ ಗುರುತುಗಳಿಗೆ ಮೇಲೂ ಇಲ್ಲ, ಕೆಳಗೂ ಇಲ್ಲ. ಒಂದೇ ಕಡತದ ತುಣುಕುಗಳು ಹತ್ತು ಕಡೆ ಚದುರಿರಬಹುದು. ‘ಇದು ಅದರೊಳಗಿದೆ’ ಎಂಬುದು ಮನುಷ್ಯರ ಅನುಕೂಲಕ್ಕಾಗಿ ಕಟ್ಟಿದ ಒಂದು ಕಲ್ಪನೆ.

ಈ ಕಲ್ಪನೆಗೆ ಸ್ಪಷ್ಟ ರೂಪ ದೊರೆತದ್ದು 1965ರಲ್ಲಿ. ಅಮೆರಿಕದ ಎಂಐಟಿ, ಬೆಲ್ ಪ್ರಯೋಗಾಲಯ ಹಾಗೂ ಜನರಲ್ ಎಲೆಕ್ಟ್ರಿಕ್ ಕಂಪನಿ ಸೇರಿ ಕೈಗೊಂಡ ಮಲ್ಟಿಕ್ಸ್ ಎಂಬ ಯೋಜನೆಗಾಗಿ ಡೇಲಿ ಮತ್ತು ನ್ಯೂಮನ್ ಎಂಬಿಬ್ಬರು ಒಂದು ಪ್ರಬಂಧ ಮಂಡಿಸಿದರು. ಕಡತಗಳನ್ನು ಮರದ ಕೊಂಬೆಗಳಂತೆ ಒಂದರಿಂದೊಂದು ಕವಲೊಡೆಯುವ ಕೋಶಗಳಲ್ಲಿ ಇಡುವ ವ್ಯವಸ್ಥೆಯನ್ನು ಅದು ವಿವರಿಸಿತು. 1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಆರಂಭಿಸಿದ ಯುನಿಕ್ಸ್ ಈ ಮರವನ್ನು ಜಗತ್ತಿಗೆಲ್ಲ ಹಂಚಿತು. ಯುನಿಕ್ಸ್‌ನಲ್ಲಿ ಪ್ರತಿ ಕೋಶದೊಳಗೂ ಎರಡು ಚುಕ್ಕಿಗಳ ಒಂದು ಹೆಸರಿರುತ್ತದೆ. ಆ ಎರಡು ಚುಕ್ಕಿಗಳ ಅರ್ಥ ‘ನನ್ನ ಮೇಲಿನದು’ ಎಂದು. ಎಷ್ಟೇ ಆಳದಲ್ಲಿದ್ದರೂ ಎರಡು ಚುಕ್ಕಿ ಹಿಡಿದು ಹೊರಟರೆ ಬುಡಕ್ಕೆ ತಲುಪಬಹುದು. ಬುಡವೇ ಮೇಲಿರುವ, ತಲೆಕೆಳಗಾದ ಮರವಿದು ಎಂಬುದನ್ನು ಮಾತ್ರ ಮರೆಯಬಾರದು. ಅಶ್ವತ್ಥದ ಕಲ್ಪನೆ ಬಲ್ಲವರಿಗೆ ಇದು ಹೊಸದೇನಲ್ಲ.

1981ರ ಐಬಿಎಂ ಪಿಸಿಗೆ ಈ ಮರ ಬೇಕಾಗಿರಲಿಲ್ಲ. ಅದರ ಒಂದು ಫ್ಲಾಪಿಯಲ್ಲಿ ಹಿಡಿಸುತ್ತಿದ್ದದ್ದೇ 160 ಕಿಲೋಬೈಟ್. ಎಲ್ಲ ಕಡತಗಳೂ ಒಂದೇ ಪಟ್ಟಿಯಲ್ಲಿರುತ್ತಿದ್ದವು. 1983ರ ಮಾರ್ಚ್‌ನಲ್ಲಿ 10 ಮೆಗಾಬೈಟ್‌ನ ಹಾರ್ಡ್ ಡಿಸ್ಕ್ ಹೊತ್ತ ಪಿಸಿ ಎಕ್ಸ್‌ಟಿ ಬಂದಾಗ ಒಂದೇ ಪಟ್ಟಿ ಸಾಲದಾಯಿತು. ಅದರೊಂದಿಗೆ ಬಂದ ಡಾಸ್‌ನ ಎರಡನೆಯ ಆವೃತ್ತಿ ಮರವನ್ನೂ ಎರಡು ಚುಕ್ಕಿಗಳನ್ನೂ ತಂದಿತು. 1986ರಲ್ಲಿ ಜಾನ್ ಸೋಚಾ ಬರೆದ ನಾರ್ಟನ್ ಕಮಾಂಡರ್ ಎಂಬ ತಂತ್ರಾಂಶ ನೀಲಿ ಪರದೆಯ ಮೇಲೆ ಎರಡು ಅಂಕಣಗಳಲ್ಲಿ ಕಡತಗಳನ್ನು ಸಾಲಾಗಿ ತೋರಿಸುತ್ತಿತ್ತು. ಪ್ರತಿ ಪಟ್ಟಿಯ ತಲೆಯಲ್ಲಿ ಅದೇ ಎರಡು ಚುಕ್ಕಿ, ಪಕ್ಕದಲ್ಲಿ ‘ಅಪ್ ಡಿರ್’ ಎಂಬ ಬರಹ. ವಿಂಡೋಸ್ 95ರ ಹಳದಿ ಫೋಲ್ಡರಿನ ಗುಂಡಿ ಈ ಚುಕ್ಕಿಗಳ ಚಿತ್ರರೂಪ.

ಆ ಹೊತ್ತಿಗೆ ಇನ್ನೊಂದು ಗುಂಡಿ ಜನಪ್ರಿಯವಾಗುತ್ತಿತ್ತು. ಅದು ಅಂತರಜಾಲ ನೋಡುವ ಬ್ರೌಸರುಗಳ ‘ಬ್ಯಾಕ್’, ಹಿಂದಕ್ಕೆ. 1998ರ ವಿಂಡೋಸ್‌ನಲ್ಲಿ ಬ್ರೌಸರಿನ ಈ ಗುಂಡಿ ಕಡತ ನೋಡುವ ಕಿಟಕಿಗೂ ಬಂದು ಕೂತಿತು. ಮೇಲ್ನೋಟಕ್ಕೆ ಎರಡೂ ಒಂದೇ ಎನ್ನಿಸುತ್ತದೆ, ಆದರೆ ಹಾಗಲ್ಲ. ಉಡುಪಿಯಿಂದ ಆಗುಂಬೆ ಘಾಟಿ ಹತ್ತಿ ತೀರ್ಥಹಳ್ಳಿಗೆ ಬಂದವರ ಪಾಲಿಗೆ ‘ಹಿಂದಕ್ಕೆ’ ಎಂದರೆ ಉಡುಪಿ. ತೀರ್ಥಹಳ್ಳಿಯ ‘ಮೇಲಕ್ಕೆ’ ಎಂದರೆ ಶಿವಮೊಗ್ಗ ಜಿಲ್ಲೆ. ಯಾರು ಎಲ್ಲಿಂದ ಬಂದರೂ ಅದು ಬದಲಾಗುವುದಿಲ್ಲ. ಒಂದು ನಡೆದ ದಾರಿಯ ನೆನಪು, ಇನ್ನೊಂದು ನಿಂತ ಜಾಗದ ಅರಿವು. ಹುಡುಕಾಟದ ಮೂಲಕವೋ ಡೆಸ್ಕ್‌ಟಾಪಿನ ಅಡ್ಡದಾರಿಯಿಂದಲೋ ನೇರವಾಗಿ ಒಳಗಿನ ಫೋಲ್ಡರಿಗೆ ಇಳಿದವರಿಗೆ, ಅದರ ಅಕ್ಕಪಕ್ಕದಲ್ಲಿ ಏನಿದೆ ಎಂದು ನೋಡಬೇಕಾದರೆ ‘ಹಿಂದಕ್ಕೆ’ ಗುಂಡಿಯಿಂದ ಪ್ರಯೋಜನವಿಲ್ಲ.

ಹಾಗಿದ್ದರೂ ಮೈಕ್ರೋಸಾಫ್ಟ್ ‘ಮೇಲಕ್ಕೆ’ಯನ್ನು ತೆಗೆದದ್ದೇಕೆ? ಆ ದಿನಗಳ ಹಿನ್ನೆಲೆ ನೋಡಬೇಕು. ವಿಸ್ಟಾ ಇನ್ನೂ ಲಾಂಗ್‌ಹಾರ್ನ್ ಎಂಬ ಗುಪ್ತನಾಮದಲ್ಲಿ ತಯಾರಾಗುತ್ತಿದ್ದಾಗ ಅದರಲ್ಲಿ ವಿನ್‌ಎಫ್‌ಎಸ್ ಎಂಬ ಹೊಸ ಸಂಗ್ರಹ ವ್ಯವಸ್ಥೆ ಇರಬೇಕಿತ್ತು. ಕಡತ ಎಲ್ಲಿದೆ ಎಂದು ನೆನಪಿಡುವ ಕಾಲ ಮುಗಿಯಿತು. ಯಾರು ಬರೆದದ್ದು, ಯಾವಾಗ, ಯಾವ ವಿಷಯ ಎಂದು ಕೇಳಿದರೆ ಯಂತ್ರವೇ ಹುಡುಕಿಕೊಡುತ್ತದೆ ಎಂಬುದು ಅದರ ಹಿಂದಿನ ಆಸೆ. ಕೆಲಸ ಹೇಳಿದಷ್ಟು ಸುಲಭವಾಗಲಿಲ್ಲ. 2004ರ ಆಗಸ್ಟ್‌ನಲ್ಲಿ ವಿನ್‌ಎಫ್‌ಎಸ್ ಅನ್ನು ಕೈಬಿಡಲಾಯಿತು. ಆದರೆ ಆ ಆಸೆಯ ನೆರಳು ವಿಸ್ಟಾದ ಮೇಲೆ ಉಳಿಯಿತು. ಪ್ರತಿ ಕಿಟಕಿಯ ಮೂಲೆಯಲ್ಲೂ ಹುಡುಕುವ ಪೆಟ್ಟಿಗೆ ಬಂತು. ವಿಳಾಸವಿದ್ದ ಜಾಗದಲ್ಲಿ ಫೋಲ್ಡರುಗಳ ಹೆಸರುಗಳೇ ಸಾಲಾಗಿ ನಿಂತು, ಪ್ರತಿ ಹೆಸರೂ ಒಂದು ಗುಂಡಿಯಾಯಿತು.

ಈ ಸಾಲಿಗೆ ಇಂಗ್ಲಿಷಿನಲ್ಲಿ ‘ಬ್ರೆಡ್‌ಕ್ರಂಬ್’ ಎನ್ನುತ್ತಾರೆ. ಕಾಡಿನಲ್ಲಿ ದಾರಿ ತಪ್ಪದಿರಲೆಂದು ಬ್ರೆಡ್ಡಿನ ಚೂರು ಚೆಲ್ಲುತ್ತಾ ನಡೆದ ಅಣ್ಣತಂಗಿಯರ ಜರ್ಮನ್ ಕಥೆಯಿಂದ ಬಂದ ಹೆಸರದು. ಕಥೆಯಲ್ಲಿ ಆ ಚೂರುಗಳನ್ನು ಹಕ್ಕಿಗಳು ತಿಂದುಬಿಡುತ್ತವೆ, ಮಕ್ಕಳು ದಾರಿ ತಪ್ಪುತ್ತಾರೆ. ಹೆಸರಿಟ್ಟವರು ಕಥೆಯನ್ನು ಅಷ್ಟು ದೂರ ಓದಿರಲಿಲ್ಲವೋ ಏನೋ! ಆದರೂ ನ್ಯಾಯವಾಗಿ ಹೇಳಬೇಕೆಂದರೆ ವಿಸ್ಟಾದ ಈ ಸಾಲು ಜಾಣತನದ ಏರ್ಪಾಡು. ಒಂದು ಹಂತವಲ್ಲ, ನಾಲ್ಕು ಹಂತ ಮೇಲಕ್ಕೂ ಒಂದೇ ಏಟಿಗೆ ಹಾರಬಹುದು. ಹೆಸರಿನ ಪಕ್ಕದ ಬಾಣವನ್ನು ಒತ್ತಿ ಬೇರೆ ಕವಲಿಗೂ ನೆಗೆಯಬಹುದು. ಮೇಲಿನ ಫೋಲ್ಡರಿನ ಹೆಸರು ಕಣ್ಣೆದುರೇ ಇರುವಾಗ ಪ್ರತ್ಯೇಕ ಗುಂಡಿ ಏಕೆ ಎಂಬ ವಾದಕ್ಕೆ ಕಾಗದದ ಮೇಲೆ ಉತ್ತರವಿಲ್ಲ.

ಉತ್ತರ ಇದ್ದದ್ದು ಕೈಯಲ್ಲಿ. ಹಳೆಯ ಗುಂಡಿ ಯಾವಾಗಲೂ ಒಂದೇ ಜಾಗದಲ್ಲಿ, ಒಂದೇ ಅಳತೆಯಲ್ಲಿರುತ್ತಿತ್ತು. ಐದು ಹಂತ ಮೇಲೇರಬೇಕೆಂದರೆ ಮೌಸನ್ನು ಕದಲಿಸದೆ ಐದು ಸಲ ಒತ್ತಿದರಾಯಿತು. ಹೆಸರುಗಳ ಸಾಲಿನಲ್ಲಿ ಹಾಗಲ್ಲ. ಪ್ರತಿ ಹೆಸರಿನ ಉದ್ದ ಬೇರೆ. ಒಮ್ಮೆ ಒತ್ತಿದ ಕೂಡಲೇ ಸಾಲು ಚಿಕ್ಕದಾಗಿ ಮುಂದಿನ ಹೆಸರು ಇನ್ನೆಲ್ಲೋ ಇರುತ್ತದೆ. ಕಿಟಕಿ ಸಣ್ಣದಾಗಿದ್ದು ದಾರಿ ಉದ್ದವಾಗಿದ್ದರೆ ಎಡಗಡೆಯ ಹೆಸರುಗಳು ಒಂದು ಬಾಣದ ಹಿಂದೆ ಅಡಗಿಬಿಡುತ್ತವೆ. ಪ್ರತಿ ಸಲವೂ ಕಣ್ಣು ಹುಡುಕಬೇಕು, ಓದಬೇಕು, ಗುರಿಯಿಡಬೇಕು. ಗುರಿ ಮುಟ್ಟಲು ಬೇಕಾಗುವ ಸಮಯ ಅದರ ದೂರ ಮತ್ತು ಗಾತ್ರವನ್ನು ಅವಲಂಬಿಸಿದೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಫಿಟ್ಸ್ 1954ರಲ್ಲೇ ತೋರಿಸಿಕೊಟ್ಟಿದ್ದ. ದೂರವೂ ಗಾತ್ರವೂ ಪ್ರತಿ ಸಲ ಬದಲಾಗುವ ಗುರಿಯನ್ನು ಕೈ ಕಲಿಯುವುದಾದರೂ ಹೇಗೆ? ಆಲ್ಟ್ ಕೀಲಿಯ ಜೊತೆ ಮೇಲ್ಬಾಣದ ಕೀಲಿ ಒತ್ತಿದರೆ ಮೇಲೆ ಹೋಗಬಹುದಿತ್ತು, ನಿಜ. ಅದನ್ನು ಪರದೆಯ ಮೇಲೆಲ್ಲೂ ಬರೆದಿರಲಿಲ್ಲ. ಅಷ್ಟು ಸಾಲದೆಂಬಂತೆ, ಎಕ್ಸ್‌ಪಿಯಲ್ಲಿ ಮೇಲಕ್ಕೆ ಒಯ್ಯುತ್ತಿದ್ದ ಬ್ಯಾಕ್‌ಸ್ಪೇಸ್ ಕೀಲಿ ವಿಸ್ಟಾದಲ್ಲಿ ಹಿಂದಕ್ಕೆ ಒಯ್ಯತೊಡಗಿತು.

ದಿನಕ್ಕೆ ಒಂದೆರಡು ಕಡತ ತೆರೆಯುವವರಿಗೆ ಇದು ಲೆಕ್ಕಕ್ಕಿಲ್ಲ. ಬೆಳಗಿನಿಂದ ಸಂಜೆಯವರೆಗೆ ನೂರಾರು ಕಡತಗಳನ್ನು ವರ್ಷ, ತಿಂಗಳು, ಗ್ರಾಹಕರ ಹೆಸರಿನ ಫೋಲ್ಡರುಗಳಲ್ಲಿ ಹಾಕಿ ತೆಗೆಯುವ ಗುಮಾಸ್ತರು, ಲೆಕ್ಕಿಗರು, ಡಿಟಿಪಿ ಕೆಲಸದವರಿಗೆ ಅದು ಕೈಯ ವಿದ್ಯೆ. ಹಾರ್ಮೋನಿಯಂ ನುಡಿಸುವವರ ಮನೆಗಳನ್ನು ರಾತ್ರೋರಾತ್ರಿ ಅದಲುಬದಲು ಮಾಡಿ, ‘ಎಲ್ಲ ಸ್ವರಗಳೂ ಇವೆಯಲ್ಲ’ ಎಂದರೆ ಹೇಗಿರುತ್ತದೆ? ಅವರ ಸಿಟ್ಟಿನಲ್ಲಿ ಹಳತಿನ ಮೋಹಕ್ಕಿಂತ ಹೆಚ್ಚಿನದಿತ್ತು. ವರ್ಷಗಟ್ಟಲೆ ಗಳಿಸಿದ ಚುರುಕನ್ನು ಒಂದು ಮಾತೂ ಕೇಳದೆ ಕಿತ್ತುಕೊಂಡ ನೋವದು.

ಕೆಲವರು ಕಾಯಲಿಲ್ಲ. 2009ರಲ್ಲಿ ಇವೊ ಬೆಲ್ಚೆವ್ ಎಂಬ ಪ್ರೋಗ್ರಾಮರು ಕ್ಲಾಸಿಕ್ ಶೆಲ್ ಎಂಬ ಉಚಿತ ತಂತ್ರಾಂಶ ಹೊರತಂದರು. ಅದನ್ನು ಹಾಕಿಕೊಂಡರೆ ‘ಮೇಲಕ್ಕೆ’ ಗುಂಡಿ, ಕತ್ತರಿ, ನಕಲು, ಅಂಟು ಎಲ್ಲವೂ ಮರಳಿ ಬರುತ್ತಿದ್ದವು. ಮೈಕ್ರೋಸಾಫ್ಟ್ ಕೂಡ ಸುಮ್ಮನಿರಲಿಲ್ಲ, ಎಣಿಸುತ್ತಿತ್ತು. ಒಪ್ಪಿಗೆ ಕೊಟ್ಟ ಬಳಕೆದಾರರ ಕಂಪ್ಯೂಟರುಗಳಿಂದ ಯಾವ ಆಜ್ಞೆಯನ್ನು ಎಷ್ಟು ಸಲ, ಯಾವ ದಾರಿಯಿಂದ ಕೊಟ್ಟರು ಎಂಬ ಲೆಕ್ಕ ಕಂಪನಿಗೆ ಹೋಗುತ್ತಿತ್ತು. 2011ರ ಆಗಸ್ಟ್‌ನಲ್ಲಿ, ವಿಂಡೋಸ್ 8ರ ತಯಾರಿಯ ನಡುವೆ, ಆ ಲೆಕ್ಕವನ್ನು ಅದು ಬಹಿರಂಗಪಡಿಸಿತು. ಹತ್ತೇ ಹತ್ತು ಆಜ್ಞೆಗಳು ಒಟ್ಟು ಬಳಕೆಯ ಶೇ. 81.8ರಷ್ಟಿದ್ದವು. ಶೇ. 54.5ರಷ್ಟು ಆಜ್ಞೆಗಳು ಮೌಸಿನ ಬಲಗುಂಡಿ ಒತ್ತಿದಾಗ ಬರುವ ಪಟ್ಟಿಯಿಂದ, ಶೇ. 32.2ರಷ್ಟು ಕೀಲಿಮಣೆಯಿಂದ ಬರುತ್ತಿದ್ದವು. ಕಣ್ಣಿಗೆ ಎದ್ದು ಕಾಣುವ ಮೇಲಿನ ಗುಂಡಿಪಟ್ಟಿಯಿಂದ ಬರುತ್ತಿದ್ದದ್ದು ಕೇವಲ ಶೇ. 10.9.

ಅಂಕಿಗಳ ಸ್ವಾರಸ್ಯವಿರುವುದೇ ಇಲ್ಲಿ. ಶೇ. 10.9 ಎಂಬುದನ್ನು ನೋಡಿ ‘ಜನರಿಗೆ ಗುಂಡಿಗಳು ಬೇಡ’ ಎಂದು ಸುಲಭವಾಗಿ ತೀರ್ಮಾನಿಸಬಹುದಿತ್ತು. ಆದರೆ ಜನ ಹೆಚ್ಚು ಬಳಸುವ ಹತ್ತು ಆಜ್ಞೆಗಳ ಪೈಕಿ ಆ ಪಟ್ಟಿಯಲ್ಲಿ ಇದ್ದದ್ದು ಎರಡೇ ಎಂದು ಕಂಪನಿಯೇ ಒಪ್ಪಿಕೊಂಡಿತು. ಬೇಕಾದ ಸಾಮಾನಿಲ್ಲದ ಅಂಗಡಿಗೆ ಗಿರಾಕಿ ಬರುವುದಿಲ್ಲ. ಇನ್ನು ಕಿತ್ತುಹಾಕಿದ ಗುಂಡಿಯ ಮಾತು ಬೇರೆಯೇ. ಇಲ್ಲದ ಗುಂಡಿಯನ್ನು ಯಾರೂ ಒತ್ತಲಾರರು. ಅದನ್ನು ಹುಡುಕಿ ಸೋತ ಕೈಯ ಲೆಕ್ಕ ಯಾವ ಕೋಷ್ಟಕದಲ್ಲೂ ಸೇರುವುದಿಲ್ಲ. ‘ಮೇಲಕ್ಕೆ’ ಗುಂಡಿ ಮರಳುವುದರ ಹಿಂದೆ ಎಣಿಕೆಗಿಂತ ಜನರ ಗೊಣಗಾಟದ ಬಲವೇ ದೊಡ್ಡದು ಎನ್ನಬೇಕು.

2012ರ ಅಕ್ಟೋಬರ್ 26ರಂದು ವಿಂಡೋಸ್ 8 ಬಂದಾಗ ‘ಮೇಲಕ್ಕೆ’ ಬಾಣ ಮರಳಿ ಬಂದಿತ್ತು. ಜೊತೆಗೆ ‘ರಿಬ್ಬನ್’ ಎಂಬ ದಪ್ಪ ಪಟ್ಟಿಯ ತುಂಬ ಗುಂಡಿಗಳೋ ಗುಂಡಿಗಳು. ಇಲ್ಲವೆಂದು ದೂರುತ್ತಿದ್ದವರ ಜೊತೆಗೆ ಈಗ ಅತಿಯಾಯಿತೆಂದು ದೂರುವವರೂ ಸೇರಿಕೊಂಡರು. ಇನ್ನೂ ತಮಾಷೆಯೆಂದರೆ, ಒಂದು ಗುಂಡಿ ಮರಳಿಸಿದ ಅದೇ ವಿಂಡೋಸ್ 8, ಕೆಳಗಿನ ಮೂಲೆಯಲ್ಲಿ 1995ರಿಂದ ಇದ್ದ ‘ಸ್ಟಾರ್ಟ್’ ಗುಂಡಿಯನ್ನು ಕಿತ್ತುಹಾಕಿತ್ತು. ಮರುವರ್ಷವೇ ಅದನ್ನೂ ಮರಳಿಸಬೇಕಾಯಿತು.

ಇದು ಒಂದು ಕಂಪನಿಯ ಚಾಳಿಯೆಂದು ಭಾವಿಸಬೇಕಿಲ್ಲ. ಲಿನಕ್ಸ್ ಬಳಗದಲ್ಲಿ ಗ್ನೋಮ್ ಯೋಜನೆಯ ನಾಟಿಲಸ್ ಎಂಬ ಕಡತ ನಿರ್ವಾಹಕವೂ ಇದೇ ದಾರಿ ಹಿಡಿಯಿತು. 2012ರ ಸೆಪ್ಟೆಂಬರ್‌ನ ಆವೃತ್ತಿಯಲ್ಲಿ ಒಂದೇ ಕಿಟಕಿಯನ್ನು ಇಬ್ಭಾಗ ಮಾಡಿ ಎರಡು ಫೋಲ್ಡರು ನೋಡುವ ಸೌಲಭ್ಯವೂ ಸೇರಿದಂತೆ ಹಲವನ್ನು ಸರಳತೆಯ ಹೆಸರಿನಲ್ಲಿ ಕಳಚಿಹಾಕಲಾಯಿತು. ಆದರೆ ಅದರ ಮೂಲಸಂಕೇತ ಎಲ್ಲರಿಗೂ ಮುಕ್ತ. ಲಿನಕ್ಸ್ ಮಿಂಟ್ ತಂಡ ಹಳೆಯ ಸಂಕೇತವನ್ನೇ ಎತ್ತಿಕೊಂಡು ನೀಮೊ ಎಂಬ ಬೇರೆ ತಂತ್ರಾಂಶ ಕಟ್ಟಿತು. ಉಬುಂಟು ಆ ವರ್ಷ ಹಳೆಯ ನಾಟಿಲಸ್‌ನಲ್ಲೇ ಉಳಿಯಿತು. ವಿಂಡೋಸ್ ಬಳಸುವವರು ಗೊಣಗಿ ಕಾಯಬೇಕಿತ್ತು. ಇವರು ಬೇರೆ ಮನೆ ಹೂಡಿದರು.

2021ರ ಅಕ್ಟೋಬರ್‌ನ ವಿಂಡೋಸ್ 11ರಲ್ಲಿ ರಿಬ್ಬನ್ನೂ ಹೋಯಿತು, ಅದರ ನೆತ್ತಿಯ ಮೇಲೆ ಬಳಕೆದಾರರು ತಾವೇ ಗುಂಡಿ ಇಟ್ಟುಕೊಳ್ಳುತ್ತಿದ್ದ ಚಿಕ್ಕ ಪಟ್ಟಿಯೂ ಹೋಯಿತು. ‘ಮೇಲಕ್ಕೆ’ ಬಾಣವನ್ನು ಮಾತ್ರ ಮುಟ್ಟಲಿಲ್ಲ. ಬಲಗುಂಡಿಯ ಪಟ್ಟಿಯಲ್ಲಿ ಕತ್ತರಿಸು, ನಕಲು ಮಾಡು ಎಂಬ ಮಾತುಗಳು ಅಳಿಸಿಹೋಗಿ ಬರೀ ಚಿತ್ರಗಳು ಉಳಿದವು. ಯಾವ ಚಿತ್ರ ಯಾವುದಕ್ಕೆಂದು ತಿಳಿಯದೆ ಜನ ತಡಕಾಡಿದ ಮೇಲೆ, 2024ರ ಆವೃತ್ತಿಯಲ್ಲಿ ಚಿತ್ರಗಳ ಜೊತೆಗೆ ಮತ್ತೆ ಹೆಸರು ಬರೆಯಲಾಯಿತು.

ಈ ನಡುವೆ 2018ರ ಏಪ್ರಿಲ್‌ನಲ್ಲಿ ಮೈಕ್ರೋಸಾಫ್ಟ್ ತನ್ನ ಹಳೆಯ ಪೆಟ್ಟಿಗೆಯಿಂದ ಇನ್ನೊಂದು ವಸ್ತುವನ್ನು ಹೊರತೆಗೆಯಿತು. ಅದು 1990ರ ವಿಂಡೋಸ್ 3.0ರೊಂದಿಗೆ ಬಂದಿದ್ದ ‘ಫೈಲ್ ಮ್ಯಾನೇಜರ್’. ಅದರ ಮೂಲಸಂಕೇತವನ್ನು ಯಾರು ಬೇಕಾದರೂ ಪಡೆದು ತಿದ್ದಿಕೊಳ್ಳಬಹುದೆಂಬ ಪರವಾನಗಿಯಡಿ ಬಿಡುಗಡೆ ಮಾಡಲಾಯಿತು. ಇಂದಿನ ಕಂಪ್ಯೂಟರುಗಳಲ್ಲಿ ನಡೆಯುವಂತೆ ಹೊಂದಿಸಿದ ಆ ತಂತ್ರಾಂಶದಲ್ಲಿ ಎಡಕ್ಕೆ ಫೋಲ್ಡರುಗಳ ಮರ, ಬಲಕ್ಕೆ ಕಡತಗಳ ಪಟ್ಟಿ. ಪಟ್ಟಿಯ ತಲೆಯಲ್ಲಿ, ಮೇಲಿನ ಫೋಲ್ಡರಿಗೆ ಒಯ್ಯಲು, ಯುನಿಕ್ಸ್‌ನ ಅವೇ ಎರಡು ಚುಕ್ಕಿಗಳು.