ಐವತ್ತನೆಯ ಹುಟ್ಟುಹಬ್ಬದಲ್ಲಿ ಹುಟ್ಟಿದ ಆಟ

ಟ್ರಯಥ್ಲಾನ್ ಎಂದ ಕೂಡಲೇ ನಿಮ್ಮ ಕಣ್ಣ ಮುಂದೆ ಬರುವವರು ಯಾರು? ಇಪ್ಪತ್ತೈದರ ಆಸುಪಾಸಿನ, ಮೈಯಲ್ಲಿ ಚೂರೂ ಬೊಜ್ಜಿಲ್ಲದ, ಸೈಕಲ್ಲಿಗೇ ಲಕ್ಷಗಟ್ಟಲೆ ಸುರಿದ ಹುಡುಗರು, ಅಲ್ಲವೇ? ಮೊದಲು ಈಜು, ಆಮೇಲೆ ಸೈಕಲ್, ಕೊನೆಗೆ ಓಟ. ನಡುವೆ ಬಟ್ಟೆ-ಬೂಟು ಬದಲಿಸುವ ಸಮಯವೂ ಲೆಕ್ಕಕ್ಕೆ ಸೇರುತ್ತದೆ. ಇದೆಲ್ಲ ಹುಡುಗರ ಕೆಲಸ, ನಮಗೇಕೆ ಎಂದು ಬೆಳಿಗ್ಗೆ ಪಾರ್ಕಿನಲ್ಲಿ ನಾಲ್ಕು ಸುತ್ತು ಹಾಕಿ ಮನೆಗೆ ಬರುವ ನೀವು ಅಂದುಕೊಂಡಿದ್ದರೆ, ಈ ಆಟ ಬೆಳೆದು ಬಂದ ಕಥೆಯನ್ನು ಒಮ್ಮೆ ಕೇಳಿ. ಅದರ ಬೇರು ಇರುವುದೇ ಐವತ್ತು ತುಂಬಿದ ಒಬ್ಬ ವಕೀಲರ ಹುಟ್ಟುಹಬ್ಬದಲ್ಲಿ.

ಅಮೆರಿಕದ ಸ್ಯಾನ್ ಡಿಯಾಗೋ ನಗರದ ಡೇವಿಡ್ ಪೇನ್ ಆ ವಕೀಲರು. ನಲವತ್ತು ದಾಟಿದವರಿಗೂ ಓಟದ ಟ್ರ್ಯಾಕಿನಲ್ಲಿ ಜಾಗ ಬೇಕೆಂದು ಹಟ ಹಿಡಿದು, 1968ರಲ್ಲಿ ಅಮೆರಿಕದ ಮೊದಲ ಹಿರಿಯರ ರಾಷ್ಟ್ರೀಯ ಅಥ್ಲೆಟಿಕ್ ಕೂಟವನ್ನು ತಮ್ಮೂರಿನಲ್ಲೇ ನಡೆಸಿದವರು. 1972ರಲ್ಲಿ ಐವತ್ತು ತುಂಬಿದಾಗ ಸ್ನೇಹಿತರನ್ನೆಲ್ಲ ಕರೆದು ಓಟ ಮತ್ತು ಈಜು ಸೇರಿಸಿದ ಒಂದು ಪಂದ್ಯ ಇಟ್ಟರು. ಇದರ ರುಚಿ ಹತ್ತಿದ ಜಾಕ್ ಜಾನ್‌ಸ್ಟೋನ್ ಎಂಬುವರು, ಸೈಕಲ್ ಸೇರಿಸಬೇಕೆಂದಿದ್ದ ಡಾನ್ ಶಾನಹನ್ ಜೊತೆಗೂಡಿ 1974ರ ಸೆಪ್ಟೆಂಬರ್ 25ರಂದು ಮಿಷನ್ ಬೇ ತೀರದಲ್ಲಿ ಮೂರನ್ನೂ ಸೇರಿಸಿದ ಪಂದ್ಯ ನಡೆಸಿದರು. ಬುಧವಾರ, ಆಫೀಸು ಮುಗಿಸಿ ಬಂದ 46 ಜನ. ಈಜು ಮುಗಿಯುವ ಮುಂಚೆಯೇ ಕತ್ತಲಾಗಿ, ಕಾರುಗಳ ಹೆಡ್‌ಲೈಟನ್ನು ನೀರಿನ ಕಡೆಗೆ ತಿರುಗಿಸಿ ನಿಲ್ಲಿಸಬೇಕಾಯಿತು. ಟ್ರೋಫಿ ಅಂಗಡಿಯವರಿಗೆ ಟ್ರಯಥ್ಲಾನ್ ಎಂಬ ಪದ ನಿಘಂಟಿನಲ್ಲೇ ಸಿಗಲಿಲ್ಲವಂತೆ!

ಆ 46 ಜನರಲ್ಲಿ ನೌಕಾಪಡೆಯ ಅಧಿಕಾರಿ ಜಾನ್ ಕಾಲಿನ್ಸ್ ಕೂಡ ಇದ್ದರು. ಮುಂದೆ ಅವರಿಗೆ ಹವಾಯಿಗೆ ವರ್ಗವಾಯಿತು. ಈಜುಗಾರ ಗಟ್ಟಿಯೋ, ಓಟಗಾರ ಗಟ್ಟಿಯೋ, ಸೈಕಲ್ ಸವಾರ ಗಟ್ಟಿಯೋ ಎಂಬ ಹರಟೆ ಅಲ್ಲಿ ಎದ್ದಾಗ, ದ್ವೀಪದಲ್ಲಿ ಆಗಲೇ ಇದ್ದ ಮೂರು ದೂರಗಳನ್ನು ಅವರು ಒಂದೇ ದಿನಕ್ಕೆ ಜೋಡಿಸಿಬಿಟ್ಟರು: ಸುಮಾರು 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, 42.2 ಕಿ.ಮೀ. ಓಟ. 1978ರ ಫೆಬ್ರವರಿ 18ರಂದು 15 ಜನ ನೀರಿಗಿಳಿದರು, 12 ಜನ ಮುಗಿಸಿದರು. ಗೆದ್ದ ಗಾರ್ಡನ್ ಹಾಲರ್ ತೆಗೆದುಕೊಂಡದ್ದು 11 ಗಂಟೆ 46 ನಿಮಿಷ. ಇದೇ ಐರನ್‌ಮ್ಯಾನ್.

ಫೆಬ್ರವರಿ ಎಂಬುದನ್ನು ಸ್ವಲ್ಪ ಗಮನಿಸಿ. ಹವಾಯಿಯವರಿಗೆ ವರ್ಷವಿಡೀ ಬೆಚ್ಚಗಿನ ಸಮುದ್ರ. ಆದರೆ ಹೆಸರು ಹರಡಿ, ಹಿಮ ಬೀಳುವ ಊರುಗಳಿಂದ ಜನ ಬರತೊಡಗಿದಾಗ ಅವರಿಗೆ ಅದು ಋತುವಿನ ಮೊದಲ ಪಂದ್ಯವಾಗುತ್ತಿತ್ತು. ಹೊರಗೆ ಸೈಕಲ್ ತುಳಿಯದೆ, ಕೆರೆಯ ನೀರು ಮುಟ್ಟದೆ ನೇರ ಸಮುದ್ರಕ್ಕೆ! ಅದಕ್ಕೇ 1982ರಲ್ಲಿ ಫೆಬ್ರವರಿ, ಅಕ್ಟೋಬರ್ ಎಂದು ಎರಡು ಸಲ ಪಂದ್ಯ ನಡೆದು, ಆಮೇಲೆ ಅಕ್ಟೋಬರೇ ಖಾಯಂ ಆಯಿತು. ಚಳಿಯೂರಿನವರಿಗೆ ಬೇಸಿಗೆಯ ತಯಾರಿಯಾದರೂ ಸಿಗಲಿ ಎಂದು.

ಆ ಫೆಬ್ರವರಿ ಪಂದ್ಯಗಳಲ್ಲಿ ನನಗೆ ಎಲ್ಲರಿಗಿಂತ ಇಷ್ಟವಾಗುವವರು ಗೆದ್ದವರಲ್ಲ, 1981ರಲ್ಲಿ ಓಡಿದ ವಾಲ್ಟ್ ಸ್ಟ್ಯಾಕ್. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಗಾರೆ-ಇಟ್ಟಿಗೆ ಹೊತ್ತು ದುಡಿದವರು, ಆಗ ವಯಸ್ಸು 73. ಅವರು ಪಂದ್ಯ ಮುಗಿಸಿದ್ದು 26 ಗಂಟೆ 20 ನಿಮಿಷಕ್ಕೆ, ಅಂದರೆ ಮರುದಿನ. ಆಗ ಸಮಯದ ಮಿತಿ ಇರಲಿಲ್ಲ. ಅವರ ಹೆಸರಿನಲ್ಲಿರುವ ಈ 'ಅತಿ ನಿಧಾನ'ದ ದಾಖಲೆಯನ್ನು ಇನ್ನು ಯಾರೂ ಮುರಿಯಲಾರರು. ಏಕೆಂದರೆ 1983ರಿಂದ 17 ಗಂಟೆಯ ಗಡುವು ಬಂತು. ರಸ್ತೆ ಎಷ್ಟು ಹೊತ್ತು ಮುಚ್ಚಿಡುವುದು, ಸ್ವಯಂಸೇವಕರನ್ನು ಎಷ್ಟು ಹೊತ್ತು ನಿಲ್ಲಿಸುವುದು, ಕಾರಣ ಅರ್ಥವಾಗುತ್ತದೆ. ಆದರೂ ಆ ಗಡಿಯಾರ ಹಿರಿಯರಿಗೇ ಹೆಚ್ಚು ಕಠೋರವಾಯಿತು ಎನ್ನದೆ ವಿಧಿಯಿಲ್ಲ.

ಜಪಾನಿನ ಹಿರೋಮು ಇನಾಡ ಅವರನ್ನೇ ನೋಡಿ. ಕಾಯಿಲೆಯ ಹೆಂಡತಿಯನ್ನು ನೋಡಿಕೊಳ್ಳಲು ಪತ್ರಕರ್ತನ ಕೆಲಸ ಬಿಟ್ಟು, ಅರವತ್ತರಲ್ಲಿ ಈಜು ಹಿಡಿದವರು. ಮೊದಲ ಟ್ರಯಥ್ಲಾನ್ ಎಪ್ಪತ್ತಕ್ಕೆ. 2015ರಲ್ಲಿ ಹವಾಯಿಯಲ್ಲಿ ಗೆರೆಯ ಹತ್ತಿರವೇ ಕುಸಿದು, ಕೆಲವೇ ಸೆಕೆಂಡುಗಳಲ್ಲಿ ಗಡುವು ತಪ್ಪಿಸಿಕೊಂಡರು. ಬಿಡಲಿಲ್ಲ. 2018ರಲ್ಲಿ, 85ರ ವಯಸ್ಸಿನಲ್ಲಿ, 16 ಗಂಟೆ 53 ನಿಮಿಷಕ್ಕೆ ಮುಗಿಸಿದರು. ಕ್ರೈಸ್ತ ಸನ್ಯಾಸಿನಿ ಮಡೋನಾ ಬ್ಯೂಡರ್ ಓಟ ಕಲಿತದ್ದು ನಲವತ್ತೆಂಟರಲ್ಲಿ, ಮೊದಲ ಟ್ರಯಥ್ಲಾನ್ ಐವತ್ತೆರಡರಲ್ಲಿ. ಐದೈದು ವರ್ಷಕ್ಕೊಂದು ವಯೋವರ್ಗ ಮಾಡುವುದು ಈ ಆಟದ ಪದ್ಧತಿ. ಸಿಸ್ಟರ್ ಮುಂದೆ ಮುಂದೆ ಹೋದಂತೆ ಹೆಂಗಸರ ಪಟ್ಟಿಯಲ್ಲಿ ಅವರ ವಯಸ್ಸಿನ ವರ್ಗವೇ ಇರದೆ, ಆಯೋಜಕರು ಹೊಸದಾಗಿ ತೆರೆಯಬೇಕಾಗುತ್ತಿತ್ತು. 2012ರಲ್ಲಿ ಕೆನಡಾದಲ್ಲಿ 82ಕ್ಕೆ ಪೂರ್ಣ ಐರನ್‌ಮ್ಯಾನ್ ಮುಗಿಸಿದರು, ಗಡುವಿಗೆ ಇನ್ನೂ 28 ನಿಮಿಷ ಇರುವಾಗ. 2025ರಲ್ಲಿ ಹವಾಯಿಯಲ್ಲಿ ಅಮೆರಿಕದ ನಟಾಲಿ ಗ್ರಾಬೋ ಎಂಬತ್ತರಲ್ಲಿ ಮುಗಿಸಿ, ಅಲ್ಲಿ ಗೆರೆ ದಾಟಿದ ಅತಿ ಹಿರಿಯ ಮಹಿಳೆಯಾದರು. ಅವರು ಈಜು ಕಲಿತದ್ದು ಐವತ್ತೊಂಬತ್ತರಲ್ಲಂತೆ.

ಇಷ್ಟು ಓದಿ ನಾಳೆಯೇ ಈಜುಕೊಳಕ್ಕೆ ಹೊರಟಿರಾ? ಸ್ವಲ್ಪ ತಡೆಯಿರಿ. ಅಮೆರಿಕದಲ್ಲಿ 1985ರಿಂದ 2016ರವರೆಗಿನ ಟ್ರಯಥ್ಲಾನ್‌ಗಳ ಲೆಕ್ಕ ತೆಗೆದ ವೈದ್ಯರು ಸಾವು ಮತ್ತು ಹೃದಯಸ್ತಂಭನದ 135 ಪ್ರಕರಣಗಳನ್ನು ಕಂಡರು. ಅದರಲ್ಲಿ 90 ಈಜಿನಲ್ಲೇ. ಸರಾಸರಿ ವಯಸ್ಸು 47ರ ಹತ್ತಿರ, ನೂರಕ್ಕೆ 85 ಮಂದಿ ಗಂಡಸರು. ಒಟ್ಟಾರೆ ಲಕ್ಷಕ್ಕೆ 1.74 ಇದ್ದ ಪ್ರಮಾಣ ಅರವತ್ತು ದಾಟಿದ ಗಂಡಸರಲ್ಲಿ 18.6ಕ್ಕೆ ಏರಿತ್ತು. ಸತ್ತವರಲ್ಲಿ ಹಲವರಿಗೆ ತಮಗೇ ತಿಳಿಯದ ಹೃದಯದ ತೊಂದರೆ ಇತ್ತು. ಡಾಕ್ಟರ ಬಳಿ ಹೋಗಿ ಇಸಿಜಿ, ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿಕೊಳ್ಳಿ. ನೂರಾರು ಜನ ಒಮ್ಮೆಗೇ ನೀರಿಗೆ ನುಗ್ಗುವಾಗ ಹಿಂದೆ, ಅಂಚಿನಲ್ಲಿ ನಿಲ್ಲಿ. ಎದೆ ಹಿಡಿದಂತಾದರೆ ಕೈ ಎತ್ತಿ ದೋಣಿ ಕರೆಯಿರಿ, ನಾಚಿಕೆ ಬೇಡ.

ನಮ್ಮ ಕಡೆಗೆ ಬರೋಣ. ಬೆಂಗಳೂರಿನ ಅನು ವೈದ್ಯನಾಥನ್ 2009ರಲ್ಲೇ ಕೆನಡಾದಲ್ಲಿ ಮೂರು ದಿನಗಳ ಅಲ್ಟ್ರಾಮ್ಯಾನ್ ಮುಗಿಸಿ ದಾರಿ ತೋರಿದ್ದರು. 2019ರ ಅಕ್ಟೋಬರಿನಲ್ಲಿ ಗೋವಾದ ಮಿರಾಮಾರ್ ತೀರಕ್ಕೆ ಅರ್ಧ ದೂರದ ಐರನ್‌ಮ್ಯಾನ್ ಬಂತು: 1.9 ಕಿ.ಮೀ. ಈಜು, 90 ಸೈಕಲ್, 21.1 ಓಟ. ಚಳಿಯೂರಿನವರಿಗೆ ಫೆಬ್ರವರಿ ಹೇಗೋ ಮುಂಬಯಿ, ಪುಣೆಯ ನಿಮಗೆ ಅಕ್ಟೋಬರ್ ಹಾಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಗುಂಡಿ ಬಿದ್ದ ರಸ್ತೆ, ಇಳಿಯಬಾರದ ಸಮುದ್ರ. ತಯಾರಿಯ ತಿಂಗಳುಗಳೇ ಕೈಬಿಟ್ಟು ಹೋಗುತ್ತವೆ. ಮನೆಯೊಳಗೆ ಸ್ಟ್ಯಾಂಡಿನ ಮೇಲೆ ಸೈಕಲ್ ತುಳಿಯುವುದೇ ಗತಿ. ಮಳೆ ತಡವಾಗಿ ಬರುವ ಚೆನ್ನೈಯವರು ಈ ವಿಷಯದಲ್ಲಿ ಪುಣ್ಯವಂತರು.

ಅರ್ಜಿ ತುಂಬುವಾಗ ವಯಸ್ಸಿನ ಕಾಲಂ ನೋಡಿ ಗಾಬರಿಯಾಗಬೇಡಿ. ಪಂದ್ಯದ ದಿನಕ್ಕಲ್ಲ, ಆ ವರ್ಷದ ಡಿಸೆಂಬರ್ 31ಕ್ಕೆ ನಿಮಗೆಷ್ಟಾಗುತ್ತದೋ ಅದೇ ಲೆಕ್ಕ. ಮುಂಬಯಿಯ ಮಿಲಿಂದ್ ಸೋಮನ್ 2015ರ ಜುಲೈನಲ್ಲಿ ಜ್ಯೂರಿಕ್ ಐರನ್‌ಮ್ಯಾನನ್ನು 15 ಗಂಟೆ 19 ನಿಮಿಷಕ್ಕೆ ಮುಗಿಸಿದಾಗ ಐವತ್ತು ತುಂಬಲು ಇನ್ನೂ ಮೂರೂವರೆ ತಿಂಗಳಿತ್ತು. ಆಟದ ಲೆಕ್ಕದಲ್ಲಿ ಮಾತ್ರ ಅವರು ಆಗಲೇ ಐವತ್ತರವರು.