ತಂತಿಯ ಭಾಷೆ

ಅಜ್ಜಿಗೆ ಹುಷಾರಿಲ್ಲವೆಂಬ ಸುದ್ದಿ ಮುಲುಂಡಿನ ನಮ್ಮ ಚಾಳಿಗೆ ಬಂದದ್ದು 1987ರಲ್ಲಿ, ತಂತಿಯ ಮೂಲಕ. ‘ಮದರ್ ಸೀರಿಯಸ್ ಸ್ಟಾರ್ಟ್ ಇಮಿಡಿಯೆಟ್ಲಿ’ ಎಂಬ ನಾಲ್ಕೇ ಶಬ್ದ. ಚಿಕ್ಕಪ್ಪ ಇನ್ನೂ ಸ್ವಲ್ಪ ಬರೆಯಬಾರದಿತ್ತೇ ಎಂದು ಕೇಳಿದೆ. “ಒಂದೊಂದು ಶಬ್ದಕ್ಕೂ ದುಡ್ಡು ಮಗಾ” ಎಂದರು ಅಪ್ಪ, ಚೀಲಕ್ಕೆ ಬಟ್ಟೆ ತುರುಕುತ್ತಾ.

ಹನ್ನೆರಡು ವರ್ಷಗಳ ನಂತರ ಕೆಲಸಕ್ಕೆ ಸೇರಿ ರೌಟರಿನ ಮುಂದೆ ಕೂತಾಗ ಅದೇ ಜಿಪುಣ ಭಾಷೆ ಮತ್ತೆ ಎದುರಾಯಿತು. ರೌಟರ್ ಎಂದರೆ ಒಂದು ಜಾಲದಿಂದ ಇನ್ನೊಂದು ಜಾಲಕ್ಕೆ ಹೋಗುವ ಮಾಹಿತಿಗೆ ದಾರಿ ತೋರಿಸುವ ಪೆಟ್ಟಿಗೆ. ಅದಕ್ಕೆ ಪರದೆಯಿಲ್ಲ, ಕೀಲಿಮಣೆಯಿಲ್ಲ. ಕನ್ಸೋಲ್ ಕೇಬಲ್ಲನ್ನು ಕಂಪ್ಯೂಟರಿಗೆ ಸಿಕ್ಕಿಸಿ, ವೇಗವನ್ನು ಸೆಕೆಂಡಿಗೆ 9600 ಬಿಟ್ ಎಂದು ಇಟ್ಟು ಎಂಟರ್ ಒತ್ತಿದರೆ ಕಪ್ಪು ಪರದೆಯ ಮೇಲೆ ಅದರ ಹೆಸರು ಮೂಡುತ್ತದೆ. ಮುಂದಿನದೆಲ್ಲ ಟೈಪು ಮಾಡಿಯೇ ಆಗಬೇಕು. ‘ಕಾನ್ಫಿಗರ್ ಟರ್ಮಿನಲ್’ ಎಂದು ಪೂರ್ತಿ ಬರೆಯಬೇಕಿಲ್ಲ, ‘ಕಾನ್ಫ್ ಟಿ’ ಸಾಕು.

ಈ ಜಿಪುಣತನಕ್ಕೆ ಚರಿತ್ರೆಯಿದೆ. 1960ರ ದಶಕದಲ್ಲಿ ಕಂಪ್ಯೂಟರಿನೊಡನೆ ಮಾತಾಡಲು ಬಳಸುತ್ತಿದ್ದದ್ದು ತಂತಿ ಕಚೇರಿಗಳ ಟೆಲಿಪ್ರಿಂಟರ್ ಕುಲದ ಯಂತ್ರಗಳನ್ನು. ಅವುಗಳಲ್ಲಿ ಹೆಸರಾದ ಟೆಲಿಟೈಪ್ ಮಾಡೆಲ್ 33 ಸೆಕೆಂಡಿಗೆ ಹತ್ತೇ ಅಕ್ಷರ ಅಚ್ಚು ಮಾಡುತ್ತಿತ್ತು. ಅಂಥ ಯಂತ್ರದಲ್ಲಿ ಉದ್ದುದ್ದ ಬರೆಯುವವರು ಯಾರು? 1984ರಲ್ಲಿ ಸ್ಟ್ಯಾನ್‌ಫರ್ಡ್‌ನ ಲಿಯೊನಾರ್ಡ್ ಬೊಸಾಕ್ ಮತ್ತು ಸ್ಯಾಂಡಿ ಲರ್ನರ್ ಕಟ್ಟಿದ ಸಿಸ್ಕೋದ ರೌಟರುಗಳೂ ಆ ಅಭ್ಯಾಸವನ್ನೇ ಹೊತ್ತು ಬಂದವು. ದೂರದಿಂದ ಒಳಬರುವವರಿಗೆ ಬಾಗಿಲು ತೆರೆಯುವ ‘ಲೈನ್ ವಿಟಿವೈ 0 4’ ಎಂಬ ಸಾಲಿನ ‘ಟಿವೈ’ ಅಂಶ ಟೆಲಿಟೈಪ್‌ನ ಹ್ರಸ್ವರೂಪವೇ. ಸೊನ್ನೆಯಿಂದ ನಾಲ್ಕರವರೆಗೆ, ಒಟ್ಟು ಐದು ಬಾಗಿಲು.

ಮುಂಬಯಿಗೆ ಈ ಲೋಕ ಮೊದಲು ಬಂದದ್ದು ವಿದ್ಯಾಸಂಸ್ಥೆಗಳಿಗೆ. 1986ರಲ್ಲಿ ಶುರುವಾದ ಅರ್ನೆಟ್ ಜಾಲದಲ್ಲಿ ಪೊವಾಯಿಯ ಐಐಟಿ, ಜುಹೂವಿನ ಎನ್‌ಸಿಎಸ್‌ಟಿ ಎರಡೂ ಇದ್ದವು. ಜನಸಾಮಾನ್ಯರಿಗೆ ವಿಎಸ್‌ಎನ್‌ಎಲ್ ಇಂಟರ್ನೆಟ್ ಕೊಟ್ಟದ್ದು 1995ರ ಆಗಸ್ಟ್ 15ರಂದು. 1998ರ ನವೆಂಬರಿನಲ್ಲಿ ಖಾಸಗಿಯವರಿಗೂ ಬಾಗಿಲು ತೆರೆದ ಮೇಲೆ ನಮ್ಮಂಥ ಹುಡುಗರಿಗೆ ಕೆಲಸ ಹುಟ್ಟಿತು. ನಮ್ಮ ಹಿಂದಿನ ತಲೆಮಾರಿನವರು ಹಗಲು ಹೋಟೆಲಿನಲ್ಲಿ ದುಡಿದು ಕನ್ನಡ ರಾತ್ರಿಶಾಲೆಗಳಲ್ಲಿ ಓದಿದರು. ನಾವು ಸಂಜೆ ಕ್ಲಾಸುಗಳಲ್ಲಿ ಆಜ್ಞೆಗಳನ್ನು ಬಾಯಿಪಾಠ ಮಾಡಿದೆವು. ಇಂಗ್ಲಿಷ್ ಮಾತಾಡಲು ತಡವರಿಸುತ್ತಿದ್ದ ನನಗೆ ಆ ಕಪ್ಪು ಪರದೆ ದೊಡ್ಡ ಉಪಕಾರ ಮಾಡಿತು. ಅದು ಉಚ್ಚಾರ ಕೇಳುವುದಿಲ್ಲ, ಕಾಗುಣಿತ ಮಾತ್ರ ನೋಡುತ್ತದೆ.

ಆದರೆ ಅದಕ್ಕೆ ದಾಕ್ಷಿಣ್ಯವೂ ಇಲ್ಲ. ಧಾರವಾಡದ ಕಡೆಯ ನಮ್ಮ ಹಿರಿಯರೊಬ್ಬರು ಎಚ್ಚರಿಸುತ್ತಿದ್ದರು: “ತಮ್ಮಾ, ಎಂಟರ್ ಹೊಡದ ಕೂಡ್ಲೇ ಜಾರಿ ಆಗತೈತಿ. ಮೊದಲ ನೀ ಹೊರಗ ಬರೂ ದಾರಿ ನೋಡ್ಕೊ.” ‘ರೀಲೋಡ್ ಇನ್ 10’ ಎಂದು ಮೊದಲೇ ಹೇಳಿಟ್ಟರೆ, ಎಡವಟ್ಟಾದರೂ ಹತ್ತು ನಿಮಿಷದಲ್ಲಿ ರೌಟರ್ ತಾನೇ ಮತ್ತೆ ಶುರುವಾಗಿ ಹಳೆಯ ಸ್ಥಿತಿಗೆ ಮರಳುತ್ತದೆ.

2001ರ ಒಂದು ಮಳೆಗಾಲದ ರಾತ್ರಿ ಆ ಮಾತು ಮರೆತೆ. ಮುಲುಂಡಿನ ಮನೆಯಿಂದಲೇ ಫೋನ್ ಲೈನಿನ ಮೂಲಕ ಹೊಕ್ಕು, ದೂರದ ಕಚೇರಿಯೊಂದರ ರೌಟರಿಗೆ ಯಾರನ್ನು ಒಳಬಿಡಬೇಕೆಂಬ ಪಟ್ಟಿ ಬರೆಯುತ್ತಿದ್ದೆ. ಅಂಥ ಪಟ್ಟಿಯ ಕೊನೆಗೆ ಕಣ್ಣಿಗೆ ಕಾಣದ ಒಂದು ಸಾಲಿರುತ್ತದೆ: ಉಳಿದ ಎಲ್ಲರಿಗೂ ನಿಷೇಧ. ನನ್ನ ವಿಳಾಸವನ್ನೇ ಸೇರಿಸದೆ ಪಟ್ಟಿಯನ್ನು ಜಾರಿ ಮಾಡಿದೆ. ಪರದೆ ಮರಗಟ್ಟಿತು. ಆ ಕಚೇರಿಯ ಜಾಲವೂ ನಿಂತಿತು. ಕೊನೆಯ ಲೋಕಲ್ ಹೋಗಿಯಾಗಿತ್ತು. ನೌಕರಿ ಹೋಯಿತೆಂದೇ ಅಂದುಕೊಂಡೆ.

ಆಗ ನೆನಪಾಯಿತು, ನಾನಿನ್ನೂ ‘ರೈಟ್ ಮೆಮೊರಿ’ ಕೊಟ್ಟಿರಲಿಲ್ಲ. ನಾವು ಟೈಪು ಮಾಡಿದ್ದು ‘ರನ್ನಿಂಗ್ ಕಾನ್ಫಿಗ್’ನಲ್ಲಿ, ಅಂದರೆ ಕರೆಂಟು ಹೋದರೆ ಅಳಿಸಿಹೋಗುವ ನೆನಪಿನಲ್ಲಿರುತ್ತದೆ. ಉಳಿಸಿದ್ದು ಮಾತ್ರ ‘ಸ್ಟಾರ್ಟಪ್ ಕಾನ್ಫಿಗ್’ಗೆ ಸೇರುತ್ತದೆ. ಕಚೇರಿಯ ವಾಚ್‌ಮನ್‌ಗೆ ಫೋನ್ ಮಾಡಿ, ಪೆಟ್ಟಿಗೆಯ ಸ್ವಿಚ್ ಆರಿಸಿ ಹಾಕಲು ಬೇಡಿಕೊಂಡೆ. ಐದು ನಿಮಿಷದಲ್ಲಿ ರೌಟರ್ ನನ್ನ ತಪ್ಪನ್ನು ಮರೆತು ಎದ್ದಿತ್ತು.

2013ರ ಜುಲೈಯಲ್ಲಿ ದೇಶದ ತಂತಿ ಸೇವೆ ನಿಂತಿತು. ನಮ್ಮ ರೌಟರುಗಳ ವಿಟಿವೈ ಇನ್ನೂ ಇದೆ. ಆ ಅಕ್ಷರಗಳ ಅರ್ಥ ಕೇಳುವ ಹೊಸ ಹುಡುಗರಿಗೆ ನಾನು ಅಜ್ಜಿಯ ತಂತಿಯಿಂದಲೇ ಶುರು ಮಾಡುತ್ತೇನೆ. ಮುಗಿಸುವುದು ಧಾರವಾಡದವರ ಮಾತಿನಿಂದ.