ಕರಡಿ, ಕರಡಿಗೆ ಮತ್ತು ಸಕ್ಕರೆಯ ಗೊಂಬೆ

ಕರಡಿ ಎಂದರೆ ಕಾಡಿನ ಮೃಗ. ಕರಡಿಗೆ ಎಂದರೆ ಮುಚ್ಚಳವುಳ್ಳ ಪುಟ್ಟ ಪೆಟ್ಟಿಗೆ. ಕಿವಿಗೆ ಅಕ್ಕತಂಗಿಯರಂತೆ ಕೇಳಿಸುವ ಈ ಎರಡು ಮಾತುಗಳಿಗೆ ನಿಜವಾಗಿ ಯಾವ ನಂಟೂ ಇಲ್ಲ. ಮೊದಲನೆಯದು ತಮಿಳಿಗೂ ನಮಗೂ ಸಮಾನವಾದ ದ್ರಾವಿಡ ಶಬ್ದ. ಎರಡನೆಯದು ಸಂಸ್ಕೃತದ ಕರಂಡಕವು ಕನ್ನಡದ ಬಾಯಲ್ಲಿ ತಿದ್ದಿ ತೀಡಿಕೊಂಡು ಬಂದ ರೂಪ. ಇಷ್ಟಲಿಂಗವನ್ನಿಟ್ಟು ಕೊರಳಲ್ಲಿ ಧರಿಸುವ ಬೆಳ್ಳಿಯ ಕರಡಿಗೆಯನ್ನು ನಮ್ಮ ಭಾಗದಲ್ಲಿ ಅರಿಯದವರಿಲ್ಲ. ನಿಘಂಟು ಹೀಗೆ ದೂರವಿರಿಸಿದ ಈ ಎರಡು ವಸ್ತುಗಳನ್ನು ನಮ್ಮ ಜನಜೀವನ ಒಂದೆಡೆ ಕೂಡಿಸಿದೆ ಎಂದರೆ ಆಶ್ಚರ್ಯವಾದೀತು.

ಕರಡಿ ಕುಣಿಸುವವರು ಊರಿಗೆ ಬಂದಾಗ, ಬೆಚ್ಚಿಬೀಳುವ ಕೂಸುಗಳನ್ನು ಅದರ ಬೆನ್ನ ಮೇಲೆ ಒಂದು ಗಳಿಗೆ ಕೂಡಿಸುವ ರೂಢಿ ನಮ್ಮಲ್ಲಿತ್ತು. ಅದರ ಮೈಯ ಒಂದೆರಡು ಕೂದಲನ್ನು ತಾಯಿತದಲ್ಲಿಟ್ಟು ಮಗುವಿನ ಕೊರಳಿಗೆ ಕಟ್ಟುತ್ತಿದ್ದರು. ತಾಯಿತವೆಂದರೇನು? ಬೆರಳ ತುದಿಯಷ್ಟು ಗಾತ್ರದ ಒಂದು ಕರಡಿಗೆಯೇ ತಾನೆ! ಗುಡ್ಡದಲ್ಲಿ ಎದುರಾದರೆ ಗಂಡಾಳಿನ ಎದೆಯನ್ನೂ ನಡುಗಿಸುವ ಮೃಗ, ಕಿರಿದಾಗಿ ಕಿರಿದಾಗಿ, ಕೊನೆಗೆ ಪುಟ್ಟ ಪೆಟ್ಟಿಗೆಯೊಳಗೆ ಅಡಗಿ ಮಗುವಿನ ಕಾವಲಿಗೆ ನಿಂತಿತು. ಆ ಕುಣಿತದ ಹಿಂದೆ ಪ್ರಾಣಿಗೆ ಬಹಳ ಹಿಂಸೆಯಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಅದು ಕ್ರಮೇಣ ನಿಂತುಹೋದದ್ದು ಒಳ್ಳೆಯದೇ ಆಯಿತು. ಬಳ್ಳಾರಿ ಸೀಮೆಯ ದರೋಜಿಯಲ್ಲಿ 1994ರಲ್ಲಿ ಕರಡಿಧಾಮವೂ ಆಯಿತು. ಆದರೆ ಭಯವನ್ನು ಚಿಕ್ಕದಾಗಿಸಿ ಮಗುವಿನ ಕೈಗೆ ಕೊಡುವ ಆ ಹಳೆಯ ಬುದ್ಧಿಯಿದೆಯಲ್ಲ, ಅದು ಯೋಚಿಸತಕ್ಕ ವಿಷಯ.

ಪಶ್ಚಿಮ ದೇಶದವರಿಗೂ ಈ ಬುದ್ಧಿ ಹೊಳೆದಿದೆ. 1902ರಲ್ಲಿ ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟರು ಬೇಟೆಗೆ ಹೋದಾಗ, ಕಟ್ಟಿಹಾಕಿದ ಕರಡಿಯೊಂದನ್ನು ಗುಂಡಿಕ್ಕಲು ನಿರಾಕರಿಸಿದರು. ಪತ್ರಿಕೆಯಲ್ಲಿ ಅದರ ವ್ಯಂಗ್ಯಚಿತ್ರ ಬಂದಿತು. ಅದರ ಬೆನ್ನಿಗೇ ಅಂಗಡಿಯಲ್ಲಿ ಬಟ್ಟೆಯ ಕರಡಿ ಬಂದಿತು. ಅಧ್ಯಕ್ಷರ ಮುದ್ದಿನ ಹೆಸರಾದ ‘ಟೆಡ್ಡಿ’ ಅದಕ್ಕೆ ಅಂಟಿಕೊಂಡಿತು. ಇಂದು ಅಲ್ಲಿಯ ಹವ್ಯಾಸಿಗಳು ಹೆಬ್ಬೆರಳ ಗಾತ್ರದ ಕರಡಿಗಳನ್ನು ಕೈಯಾರೆ ಹೊಲಿದು, ರೆಕ್ಕೆಯ ಕಿನ್ನರಿಯರನ್ನು ಬಿಡಿಸಿದ ಚಿತ್ತಾರದ ಪೆಟ್ಟಿಗೆಗಳಲ್ಲಿ ಕೂಡಿಸುತ್ತಾರೆ. ಇಂಥ ಪುಟ್ಟ ಲೋಕವೊಂದು ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ನಮ್ಮ ನೆಲದಲ್ಲಿಯೂ ಇದೆಯೆ ಎಂದು ಹುಡುಕಹೊರಟರೆ, ಹದಿನಾಲ್ಕು ನೂರು ವರ್ಷಗಳಷ್ಟು ಹಿಂದಕ್ಕೆ ಹೋಗಬೇಕಾಗುತ್ತದೆ.

ಬಾದಾಮಿಯ ಮೂರನೆಯ ಗುಹೆಗೆ ಹೋದವರು ತ್ರಿವಿಕ್ರಮನನ್ನು ನೋಡುತ್ತಾರೆ, ಶೇಷಾಸನದ ವಿಷ್ಣುವನ್ನು ನೋಡುತ್ತಾರೆ, ಮಂಗಲೇಶನು ಬರೆಸಿದ ಶಕ 500ರ, ಅಂದರೆ ಕ್ರಿ.ಶ. 578ರ ಶಾಸನವನ್ನು ನೋಡುತ್ತಾರೆ. ಬಹುಮಂದಿ ಕಾಲಬುಡದ ಜಗಲಿಯನ್ನು ನೋಡುವುದಿಲ್ಲ. ಅಲ್ಲಿ ಅಂಕಣ ಅಂಕಣವಾಗಿ, ಚೌಕಟ್ಟಿನ ಪೆಟ್ಟಿಗೆಗಳಲ್ಲಿಟ್ಟಂತೆ, ಡೊಳ್ಳುಹೊಟ್ಟೆಯ ಕುಳ್ಳ ಗಣಗಳಿವೆ. ಒಬ್ಬ ಕುಣಿಯುತ್ತಾನೆ, ಒಬ್ಬ ಬಾರಿಸುತ್ತಾನೆ, ಮತ್ತೊಬ್ಬ ಜೊತೆಗಾರನತ್ತ ತಿರುಗಿ ಚೇಷ್ಟೆ ಮಾಡುತ್ತಾನೆ. ಪುರಾಣದಲ್ಲಿ ಭಯಂಕರವಾದ ಭೂತಗಣ ಇಲ್ಲಿ ಮಕ್ಕಳ ಗುಂಪಾಗಿದೆ. ಮೊದಲನೆಯ ಗುಹೆಯ ಮಾಳಿಗೆಯಲ್ಲಿ ಹಾರುವ ದಂಪತಿಗಳಿದ್ದಾರೆ. ಹುನಗುಂದದ ಸೀಮೆಯ ಐಹೊಳೆಯಿಂದ ಹೋದ ಇಂಥದೇ ಗಂಧರ್ವರ ಶಿಲ್ಪವೊಂದು ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ನಮ್ಮ ಗಂಧರ್ವರಿಗೆ ರೆಕ್ಕೆ ಬೇಕಿಲ್ಲ; ಮಡಿಸಿದ ಕಾಲು, ಹಿಂದಕ್ಕೆ ತೇಲುವ ಸೆರಗು, ಇಷ್ಟರಿಂದಲೇ ಕಲ್ಲು ಹಗುರಾಗಿ ಮೇಲೇಳುತ್ತದೆ.

ಕಲ್ಲಿನಲ್ಲಿ ದುಡಿದವರ ಹೆಸರುಗಳೂ ಕೆಲವು ಉಳಿದಿವೆ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ ಶಾಸನ ಗುಂಡನ್ ಅನಿವಾರಿತಾಚಾರಿಯನ್ನು ತ್ರಿಭುವನಾಚಾರಿಯೆಂದು ಕೊಂಡಾಡುತ್ತದೆ. ಐಹೊಳೆಯ ಶಾಸನ ನರಸೊಬ್ಬನಂಥ ಕಟ್ಟಡಗಾರ ಹಿಂದೆ ಇರಲಿಲ್ಲ, ಮುಂದೆ ಹುಟ್ಟುವುದಿಲ್ಲ ಎನ್ನುತ್ತದೆ. ಅದೇ ವಿರೂಪಾಕ್ಷದ ಕಂಬಗಳ ಮೇಲೆ ಪಂಚತಂತ್ರದ ಪ್ರಾಣಿಕಥೆಗಳು ಮೂಡಿವೆ. ಅದೇ ಕಿಸುಕಾಡು ನಾಡಿನಲ್ಲಿ ಹುಟ್ಟಿದ ದುರ್ಗಸಿಂಹ ಹನ್ನೊಂದನೆಯ ಶತಮಾನದಲ್ಲಿ ಪಂಚತಂತ್ರವನ್ನು ಕನ್ನಡಕ್ಕೆ ತಂದನು. ಶಿಲ್ಪಿಗೂ ಕವಿಗೂ ಹೆಸರಿದೆ. ಆದರೆ ಆ ಕಾಲದ ಮಗುವಿಗೆ ಮಣ್ಣಿನ ಎತ್ತನ್ನು ಮಾಡಿಕೊಟ್ಟವರು ಯಾರು? ಮರದ ಕುದುರೆಯನ್ನು ಕೆತ್ತಿಕೊಟ್ಟವರು ಯಾರು? ಅವರನ್ನು ಯಾವ ಶಾಸನವೂ ಹೆಸರಿಸುವುದಿಲ್ಲ.

ಇದಕ್ಕೆ ಕಾರಣ ಉದಾಸೀನವೊಂದೇ ಅಲ್ಲ. ಮಕ್ಕಳ ವಸ್ತುಗಳು ಅಳಿಯುವುದಕ್ಕೆಂದೇ ಹುಟ್ಟಿದವು. ಮಣ್ಣೆತ್ತಿನ ಅಮಾವಾಸ್ಯೆಗೆ ಮಾಡಿದ ಎತ್ತುಗಳು ಪೂಜೆಗೊಂಡು ನೀರಿಗೆ ಸೇರುತ್ತವೆ. ಆಷಾಢದ ಮಂಗಳವಾರಗಳಂದು ಹುಡುಗಿಯರು ಮಣ್ಣಿನಿಂದ ಮಾಡಿ ಸಿಂಗರಿಸುವ ಗುಳ್ಳವ್ವನೂ ಹಾಗೆಯೇ. ಇವೆಲ್ಲಕ್ಕಿಂತ ಅಲ್ಪಾಯು ಗೌರಿ ಹುಣ್ಣಿಮೆಯ ಸಕ್ಕರೆಯ ಗೊಂಬೆ. ಕಾರ್ತಿಕದ ಬೆಳದಿಂಗಳಲ್ಲಿ ಹುಡುಗಿಯರು ತಟ್ಟೆಯಲ್ಲಿ ಸಕ್ಕರೆಯ ಆನೆ, ಒಂಟೆ, ನವಿಲು, ಬಸವಣ್ಣ, ಗೋಪುರಗಳನ್ನು ಜೋಡಿಸಿ, ನಡುವೆ ದೀಪವಿಟ್ಟು, ಹಾಡಿಕೊಂಡು ಗೌರಿಗೆ ಆರತಿ ಬೆಳಗಲು ಹೋಗುವ ನೋಟ ನಮ್ಮ ಭಾಗದ ಸೊಗಸುಗಳಲ್ಲಿ ಒಂದು. ನಿಶ್ಚಯವಾದ ಹುಡುಗಿಗೆ ಗಂಡಿನ ಮನೆಯವರು ಸೀರೆಯೊಡನೆ ಈ ಸಕ್ಕರೆಯ ಆರತಿಯನ್ನು ತಂದುಕೊಡುತ್ತಾರೆ. ಸೀರೆ ಇಳಕಲ್ಲಿನದಾದರೆ ಅದಕ್ಕೆ ಕೆಂಪು ರೇಷ್ಮೆಯ ಸೆರಗು. ಅದರ ಮೇಲೆ ಕಸೂತಿಯಿದ್ದರೆ ಅಲ್ಲಿಯೂ ಆನೆ, ಗಿಳಿ, ತೊಟ್ಟಿಲು, ಗೋಪುರ. ಗಂಟು ಕಾಣದಂತೆ, ಎಳೆ ಎಣಿಸಿ ಹಾಕಿದ ಹೊಲಿಗೆ. ಸೀರೆಯ ಆನೆ ಹತ್ತಾರು ವರ್ಷ ಬಾಳುತ್ತದೆ. ತಟ್ಟೆಯ ಆನೆಯನ್ನು ಮಕ್ಕಳು ಮಾರನೆಯ ದಿನವೇ ಮುರಿದು ತಿನ್ನುತ್ತಾರೆ.

ತಿಂದು ಮುಗಿದ ಮೇಲೆ ಉಳಿಯುವುದು ಮರದ ಅಚ್ಚು. ಎರಡು ಹೋಳಿನ ಒಂದು ಪುಟ್ಟ ಪೆಟ್ಟಿಗೆಯೆಂದರೂ ಸರಿಯೆ. ಅದನ್ನು ನೀರಿನಲ್ಲಿ ನೆನೆಹಾಕಿ, ಹೋಳುಗಳನ್ನು ಜೋಡಿಸಿ ಬಿಗಿದು, ಹಾಲು ಹಾಕಿ ತಿಳಿಗೊಳಿಸಿದ ಸಕ್ಕರೆಯ ಪಾಕವನ್ನು ಹೊಯ್ಯುತ್ತಾರೆ. ಆರಿದ ಮೇಲೆ ಬಿಡಿಸಿದರೆ ಒಳಗೆ ಬೆಳ್ಳಗಿನ ಆನೆ. ಈ ಅಚ್ಚನ್ನು ಕೆತ್ತುವವನ ಜಾಣ್ಮೆ ಬೇರೆಯೇ ಬಗೆಯದು. ಉಬ್ಬಬೇಕಾದುದನ್ನು ಅವನು ತಗ್ಗಾಗಿ ತೋಡಬೇಕು; ಬಲವನ್ನು ಎಡವಾಗಿ ಕಾಣಬೇಕು. ಅವನು ಮಾಡುವುದು ಆನೆಯನ್ನಲ್ಲ, ಆನೆ ಬಂದು ಕೂಡಬಹುದಾದ ಬಯಲನ್ನು.

ಗೊಂಬೆಯನ್ನೇ ಬದುಕಾಗಿಸಿಕೊಂಡ ಊರೂ ಹತ್ತಿರದಲ್ಲಿದೆ. ಇಳಕಲ್ಲಿನಿಂದ ಕುಷ್ಟಗಿ ದಾಟಿ ಕೊಪ್ಪಳದತ್ತ ಹೋದರೆ ಕಿನ್ನಾಳ ಸಿಗುತ್ತದೆ. 1956ಕ್ಕೆ ಮುಂಚಿನ ಆಡಳಿತದಲ್ಲಿ ಇಳಕಲ್ಲು ಮುಂಬಯಿಗೆ, ಕಿನ್ನಾಳ ಹೈದರಾಬಾದಿಗೆ ಸೇರಿದ್ದವು. ಕಿನ್ನಾಳದ ಚಿತ್ರಗಾರರ ಹಿರಿಯರೇ ಹಂಪಿಯ ವಿರೂಪಾಕ್ಷ ದೇವಾಲಯದ ಚಿತ್ರಗಳನ್ನು ಬರೆದವರೆಂದು ಪರಂಪರೆ ಹೇಳುತ್ತದೆ. ಹಗುರವಾದ ಮರವನ್ನು ಕಡೆದು, ಬಿಡಿ ಭಾಗಗಳನ್ನು ಜೋಡಿಸಿ, ಸೆಣಬಿನ ಚೂರು, ಮರದ ಹೊಟ್ಟು, ಹುಣಸೆಬೀಜದ ಅಂಟುಗಳನ್ನು ಕಲಸಿದ ‘ಕಿಟ್ಟ’ವನ್ನು ಮೆತ್ತುತ್ತಾರೆ. ಅದರ ಮೇಲೆ ಬಟ್ಟೆಯ ಚೂರು, ಅದರ ಮೇಲೆ ಕಲ್ಲುಪುಡಿಯ ಲೇಪ, ಕೊನೆಗೆ ಬಣ್ಣ. ಗರುಡನಿಗೆ 12 ಭಾಗಗಳು, ಪೀಠದ ಮೇಲಿನ ಗಣಪತಿಗೆ 22 ಭಾಗಗಳು ಬೇಕು. ಇಂದು ಕಿನ್ನಾಳದ ಗೊಂಬೆಗೆ ಭೌಗೋಳಿಕ ಸೂಚಿಕೆಯ ಮನ್ನಣೆಯಿದೆ. ಹೆಸರಿಗೆ ರಕ್ಷಣೆ ದೊರೆತಂತಾಯಿತು. ಆದರೆ ಸಕ್ಕರೆಯ ಅಚ್ಚಿಗೆ ಯಾವ ಊರಿನ ಹೆಸರೂ ಇಲ್ಲ. ಅದು ಮನೆಮನೆಯ ಅಟ್ಟದಲ್ಲಿ, ವರ್ಷಕ್ಕೊಮ್ಮೆ ಕೆಳಗಿಳಿಯುವ ವಸ್ತು.

ಆ ಅಟ್ಟಗಳಿಗೇ ಸಂಚಕಾರ ಬಂದದ್ದು ಬಾಗಲಕೋಟೆಯಲ್ಲಿ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರಿನ ಭಾಗ ಮುಳುಗಿ, ಎಷ್ಟೋ ಮನೆತನಗಳು ನವನಗರಕ್ಕೆ ಸಾಗಿದವು. ಮನೆಯ ಬಾಗಿಲು, ತೊಲೆ, ಕಂಬಗಳಿಗೆ ಬೆಲೆ ಸಿಕ್ಕಿತು. ಅಟ್ಟದ ಮೂಲೆಯಲ್ಲಿದ್ದ ಬುಟ್ಟಿಯನ್ನು ಕೇಳಿದವರು ಯಾರು? ಕೆಲವು ಅಚ್ಚುಗಳು ಒಲೆಗೆ ಹೋದವು. ಕೆಲವು ಹಳೆಯ ಸಾಮಾನಿನ ವ್ಯಾಪಾರಿಗಳ ಕೈಸೇರಿ ದೂರದ ನಗರಗಳ ದಿವಾನಖಾನೆಯ ಗೋಡೆಗೇರಿದವು. ಗೋಡೆಗೇರಿದ ಅಚ್ಚು ಪಾಕವನ್ನು ಕಾಣದು. ಪಾಕ ಕಾಣದ ಅಚ್ಚು ಬರಿಯ ಮರದ ತುಂಡು.

ನಮ್ಮ ದೊಡ್ಡವ್ವ ಮಾತ್ರ ಆ ಬುಟ್ಟಿಯನ್ನು ಬೇರೆಯವರ ಕೈಗೆ ಕೊಡದೆ, ತೊಡೆಯ ಮೇಲಿಟ್ಟುಕೊಂಡೇ ಹೊಸ ಮನೆಗೆ ಹೋದಳು. ಅದರಲ್ಲಿ ಮೂರು ತಲೆಮಾರು ಸವೆದ ಅಚ್ಚೊಂದಿದೆ. ಸೊಂಡಿಲಿನ ಅಂಚು ಒಡೆದು ಎದೆಯ ತಗ್ಗಿನೊಡನೆ ಬೆರೆತುಹೋಗಿದೆ. ಪಾಕ ಹೊಯ್ದು ಬಿಡಿಸಿದರೆ ಸೊಂಡಿಲಿಲ್ಲದ, ದುಂಡುಮೈಯ ಒಂದು ಪ್ರಾಣಿ ಬರುತ್ತದೆ. “ಅದು ಆನಿ” ಎಂದು ದೊಡ್ಡವ್ವ ಹೇಳಿದರೆ, ಮರಿಮಕ್ಕಳು ಕೇಳುವುದಿಲ್ಲ, “ಅಲ್ಲಬೇ ಅಮ್ಮಾ, ಕರಡಿ!” ಎಂದು ಕೇಕೆ ಹಾಕುತ್ತವೆ. ಒಂದು ಅಚ್ಚಿನಿಂದ ಎರಡು ಕಾಲದ ಮಕ್ಕಳಿಗೆ ಎರಡು ಪ್ರಾಣಿಗಳು ಹುಟ್ಟಿದವು. ಇದಕ್ಕಿಂತ ಸಹಜವಾದ ಜಾನಪದ ಮತ್ತಾವುದು?

ಆದುದರಿಂದ ಕೇಳುಗರಲ್ಲಿ ನನ್ನ ವಿನಂತಿ ಸಣ್ಣದು. ನಿಮ್ಮ ಮನೆಯ ಅಟ್ಟವನ್ನೊಮ್ಮೆ ಹತ್ತಿ ನೋಡಿರಿ. ಅಚ್ಚು ಸಿಕ್ಕರೆ ಗಾಜಿನ ಕಪಾಟಿನಲ್ಲಿ ಇಡಬೇಡಿರಿ. ಬರುವ ಗೌರಿ ಹುಣ್ಣಿಮೆಗೆ ನೀರಿನಲ್ಲಿ ನೆನೆಹಾಕಿರಿ. ಒಡೆದಿದ್ದರೆ ಊರಿನ ಬಡಿಗರಲ್ಲಿ ಒಯ್ದು, ಇಂಥದೇ ಇನ್ನೊಂದು ತೋಡಿಕೊಡಿರೆಂದು ಕೇಳಿರಿ, ಕೇಳಿದಷ್ಟು ಕೂಲಿಯನ್ನೂ ಕೊಡಿರಿ. ಕೊಟ್ಟವರ ಹೆಸರನ್ನು ಅಚ್ಚಿನ ಬೆನ್ನ ಮೇಲೆ ಬರೆಯಿಸಿರಿ. ಬಾದಾಮಿಯ ಗಣಗಳನ್ನು ಬಂಡೆ ಕಾಯುತ್ತದೆ. ಸಕ್ಕರೆಯ ಆನೆಯನ್ನು ಕಾಯಬೇಕಾದವರು ನಾವು. ಕಾಯುವ ದಾರಿಯೆಂದರೆ ಪ್ರತಿವರ್ಷ ಅದನ್ನು ಮಾಡಿ, ಮಕ್ಕಳ ಕೈಗೆ ಕೊಟ್ಟು, ಅವು ತಿನ್ನುವುದನ್ನು ನೋಡುವುದು.